ಬ್ರಿಟನ್‌ನಲ್ಲಿ ಮಗುವಿನ ಮೆಂಟೆನೆನ್ಸ್: ನೋಡಲು ಹೋಗುವ ಖರ್ಚು ಎಲ್ಲಿ ಕಳೆಯುತ್ತದೆ?

ಮಗು ತಾಯಿಯ ಜೊತೆ ಸ್ಲೌನಲ್ಲಿ, ತಂದೆ ಕೆಲಸದ ಮೇಲೆ ಎಡಿನ್‌ಬರೋದಲ್ಲಿ. ಬೇರೆಯಾದ ಮೇಲೆ ಮಗುವಿನ ಖರ್ಚಿಗೆಂದು ದೂರವಿರುವ ಪೋಷಕರು ಕೊಡಬೇಕಾದ ಹಣವೇ ಮೆಂಟೆನೆನ್ಸ್. ಇಂಥ ಕಡೆ ಹಲವರು ರೈಲಿಗೆ ಕೊಟ್ಟ ದುಡ್ಡನ್ನು ಮೆಂಟೆನೆನ್ಸ್‌ನಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕಳಿಸುತ್ತಾರೆ. ಹಿಡಿದುಕೊಂಡದ್ದೆಲ್ಲ ಬಾಕಿಯಾಗಿ ಹೆಸರಿಗೆ ಏರುತ್ತದೆ. ಈ ಹಣ ಎಷ್ಟೆಂದು ಲೆಕ್ಕ ಹಾಕುವ ಸರ್ಕಾರಿ ಸಂಸ್ಥೆ ಚೈಲ್ಡ್ ಮೆಂಟೆನೆನ್ಸ್ ಸರ್ವಿಸ್, ಅಂದರೆ ಸಿಎಂಎಸ್, ಪ್ರಯಾಣದ ಖರ್ಚನ್ನು ಒಪ್ಪುತ್ತದೆ ನಿಜ. ಆದರೆ ಅದನ್ನು ಕಳೆಯುವುದು ನಿಮ್ಮ ಆದಾಯದಲ್ಲಿ, ಕೊಡಬೇಕಾದ ಹಣದಲ್ಲಲ್ಲ.

ಸಿಎಂಎಸ್ ಹಿಂದಿನ ತೆರಿಗೆ ವರ್ಷದ ಆದಾಯವನ್ನು ನೇರವಾಗಿ ತೆರಿಗೆ ಇಲಾಖೆಯಿಂದ ತರಿಸಿಕೊಂಡು, ಪೆನ್ಷನ್ ಕಂತು ಕಳೆದು, ವಾರದ ಲೆಕ್ಕಕ್ಕೆ ಇಳಿಸುತ್ತದೆ. ವಾರಕ್ಕೆ 200ರಿಂದ 800 ಪೌಂಡ್‌ವರೆಗಿನ ಆದಾಯಕ್ಕೆ ಒಂದು ಮಗುವಿದ್ದರೆ ಶೇ. 12, ಎರಡಕ್ಕೆ ಶೇ. 16, ಮೂರು ಅಥವಾ ಹೆಚ್ಚಿದ್ದರೆ ಶೇ. 19. ಅದರ ಮೇಲಿನ ಆದಾಯಕ್ಕೆ ದರ ಇಳಿಯುತ್ತದೆ. ಊರಿನಲ್ಲಿರುವ ಅಪ್ಪ-ಅಮ್ಮನಿಗೆ ತಿಂಗಳು ತಿಂಗಳು ಕಳಿಸುವ ಹಣ ಈ ಲೆಕ್ಕದಲ್ಲಿ ಬರುವುದೇ ಇಲ್ಲ, ವಾದಿಸಿ ಪ್ರಯೋಜನವಿಲ್ಲ.

ಪ್ರಯಾಣದ ಖರ್ಚಿಗೆ ‘ವೇರಿಯೇಷನ್’, ಅಂದರೆ ಲೆಕ್ಕದಲ್ಲಿ ಬದಲಾವಣೆ, ಕೇಳಬೇಕು. ಟಿಕೆಟ್, ಪೆಟ್ರೋಲ್, ಟೋಲ್, ಅದೇ ದಿನ ವಾಪಸಾಗಲು ಆಗದಿದ್ದರೆ ರಾತ್ರಿ ತಂಗುವ ಬಾಡಿಗೆ ಇಷ್ಟನ್ನು ಒಪ್ಪುತ್ತಾರೆ. ಮಗುವಿಗೆ ಕೊಡಿಸಿದ ಊಟ, ಆಟಿಕೆ ಸೇರುವುದಿಲ್ಲ. ಒಟ್ಟು ಖರ್ಚು ವಾರಕ್ಕೆ 10 ಪೌಂಡ್ ಮುಟ್ಟದಿದ್ದರೆ ಅರ್ಜಿ ನಿಲ್ಲುವುದಿಲ್ಲ. ಭೇಟಿ ನಿಯಮಿತವಾಗಿದೆ ಎಂದು ತೋರಿಸಬೇಕು, ಆದ್ದರಿಂದ ದಿನಾಂಕವಿರುವ ರಸೀದಿಗಳನ್ನು ಎತ್ತಿಡಿ. ಇನ್ನೊಬ್ಬ ಪೋಷಕರ ಅಭಿಪ್ರಾಯವನ್ನೂ ಕೇಳುತ್ತಾರೆ. ‘ಅವರು ಬರುವುದೇ ಅಪರೂಪ’ ಎಂಬ ಉತ್ತರ ಬಂದಾಗ ಕೈಹಿಡಿಯುವುದು ಆ ರಸೀದಿಗಳೇ.

ಲೆಕ್ಕ ನೋಡಿ. ವಾರದ ಆದಾಯ 700 ಪೌಂಡ್, ಒಂದು ಮಗು: ಶೇ. 12ರಂತೆ 84 ಪೌಂಡ್. ತಿಂಗಳಿಗೆ ಎರಡು ಭೇಟಿ, ಪ್ರತಿ ಸಲ ರೈಲು ಮತ್ತು ರೂಮಿಗೆ 160 ಪೌಂಡ್ ಎಂದರೆ ವರ್ಷಕ್ಕೆ 3,840, ವಾರಕ್ಕೆ ಸುಮಾರು 74. ಆದಾಯ 626ಕ್ಕೆ ಇಳಿದು ಮೆಂಟೆನೆನ್ಸ್ 75 ಪೌಂಡ್ ಆಗುತ್ತದೆ. 74 ಪೌಂಡ್ ಖರ್ಚಿಗೆ ಉಳಿದದ್ದು 9 ಪೌಂಡ್!

ಇದಕ್ಕಿಂತ ಹೆಚ್ಚು ತೂಕ ರಾತ್ರಿಗಳಿಗಿದೆ. ಮಗು ವರ್ಷಕ್ಕೆ 52ರಿಂದ 103 ರಾತ್ರಿ ನಿಮ್ಮ ಬಳಿ ಉಳಿದರೆ ಏಳರಲ್ಲಿ ಒಂದು ಭಾಗ ಕಡಿಮೆ. 104ರಿಂದ 155ಕ್ಕೆ ಎರಡು ಭಾಗ. ನಿಮ್ಮ ಮನೆಯೇ ಆಗಬೇಕೆಂದಿಲ್ಲ, ಮಗು ನಿಮ್ಮ ಜೊತೆ ಒಂದೇ ಕಡೆ ಮಲಗಿದ್ದರೆ ಸಾಕು. ಮೇಲಿನ ಉದಾಹರಣೆಯಲ್ಲಿ ಭೇಟಿಗೊಂದರಂತೆ 24 ರಾತ್ರಿಗೆ ಏನೂ ಸಿಗದು. ಬೇಸಿಗೆ ಮತ್ತು ಕ್ರಿಸ್ಮಸ್ ರಜೆಯ 30 ರಾತ್ರಿ ಸೇರಿದರೆ 54 ಆಗಿ, 75 ಪೌಂಡ್ ಸುಮಾರು 64ಕ್ಕೆ ಇಳಿಯುತ್ತದೆ. ಒಂದೆರಡು ರಾತ್ರಿಗಾಗಿ ಜಗಳ ಹುಟ್ಟುವುದು ಇದೇ ಕಾರಣಕ್ಕೆ. ರಜೆಯ ದಿನಾಂಕಗಳನ್ನು ಮೊದಲೇ ಇಮೇಲ್‌ನಲ್ಲಿ ಒಪ್ಪಿಸಿಕೊಳ್ಳಿ.

ಇಬ್ಬರೂ ಮಾತಾಡಿ ಬಗೆಹರಿಸಿಕೊಳ್ಳುವ ಸ್ಥಿತಿಯಿದ್ದರೆ ಖಾಸಗಿ ಒಪ್ಪಂದವೇ ಲೇಸು: ಟಿಕೆಟ್ ಖರ್ಚು ಅರ್ಧರ್ಧ ಎಂದೂ ಬರೆದುಕೊಳ್ಳಬಹುದು, ಸಿಎಂಎಸ್‌ನಲ್ಲಿ ಅದಕ್ಕೆ ಜಾಗವಿಲ್ಲ. ಹಣ ವಸೂಲಿಯನ್ನೂ ಸಿಎಂಎಸ್‌ಗೇ ಬಿಟ್ಟರೆ ಕೊಡುವವರ ಮೇಲೆ ಶೇ. 20 ಹೆಚ್ಚುವರಿ ಬೀಳುತ್ತದೆ, ಪಡೆಯುವವರಿಗೂ ಶೇ. 4 ಕಡಿತ.

ಹಣ ಬಂದಿಲ್ಲವೆಂದು ಭೇಟಿ ತಡೆಯುವಂತಿಲ್ಲ, ಭೇಟಿ ಕೊಡಲಿಲ್ಲವೆಂದು ಹಣ ನಿಲ್ಲಿಸುವಂತಿಲ್ಲ. ಭೇಟಿಯ ತಕರಾರು ಕೋರ್ಟಿಗೆ ಸೇರಿದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೊದಲು ಮೀಡಿಯೇಷನ್ (ಮಧ್ಯಸ್ಥರ ಮೂಲಕ ಮಾತುಕತೆ) ಮಾಹಿತಿ ಸಭೆ, ಆಮೇಲೆ ಕೋರ್ಟಿಗೆ ಸಿ100 ಎಂಬ ನಮೂನೆಯ ಅರ್ಜಿ. ಮಗುವನ್ನು ಯಾರು ಯಾವ ಸ್ಟೇಷನ್‌ಗೆ ಕರೆತರಬೇಕೆಂಬುದನ್ನೂ ಆದೇಶದಲ್ಲಿ ಬರೆಸಿಕೊಳ್ಳಿ.

ಕೊಡಬೇಕಾದವರು ಕೆಲಸ ಬಿಟ್ಟು ಬೆಂಗಳೂರಿಗೆ ಮರಳಿ ಅಲ್ಲಿನ ಕಂಪನಿ ಸೇರಿದರೆ ಸಾಮಾನ್ಯವಾಗಿ ಸಿಎಂಎಸ್ ಕೈ ಅಲ್ಲಿಗೆ ಚಾಚದು. ಆಗ ಕೋರ್ಟ್ ಆದೇಶವೇ ದಾರಿ. ಮಗುವನ್ನು ರಜೆಗೆ ಊರಿಗೆ ಕರೆದೊಯ್ಯುವವರು ಇನ್ನೊಬ್ಬರ ಲಿಖಿತ ಒಪ್ಪಿಗೆ ಪಡೆದೇ ಟಿಕೆಟ್ ತೆಗೆಯಿರಿ. ಒಪ್ಪಿಗೆಯಿಲ್ಲದೆ ಬೇರೆ ದೇಶಕ್ಕೆ ಒಯ್ದ ಮಗುವನ್ನು ವಾಪಸು ಕಳಿಸುವ, ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹೀಗಾಗಿ ಮಗು ವಾಪಸು ಬಾರದು ಎಂಬ ಭಯ ಇನ್ನೊಬ್ಬರಿಗಿದ್ದರೆ ಜಡ್ಜ್ ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ರಿಟರ್ನ್ ಟಿಕೆಟ್, ತಂಗುವ ವಿಳಾಸ, ಶಾಲೆ ಶುರುವಾಗುವ ದಿನಾಂಕ ಎಲ್ಲವನ್ನೂ ಕೇಳುತ್ತಾರೆ.