ಡುಶೆನ್ ಸ್ನಾಯುಕ್ಷಯ: ವಂಶವಾಹಿ ವರದಿಯನ್ನು ಓದುವುದು ಹೇಗೆ?

ಸ್ನಾಯುಗಳು ಕ್ರಮೇಣ ಸೊರಗಿ ನಡಿಗೆಯನ್ನೇ ಕಸಿಯುವ ಡುಶೆನ್ ಸ್ನಾಯುಕ್ಷಯ ಮಗುವಿಗಿದೆಯೆಂದು ತಿಳಿದ ಮೇಲೆ ಪೋಷಕರ ಕೈಸೇರುವ ವಂಶವಾಹಿ ವರದಿ ಬರೀ ಅಂಕಿಗಳ ಕಂತೆಯಂತೆ ಕಾಣುತ್ತದೆ. ಯಾವ ಚಿಕಿತ್ಸೆ ಒದಗೀತು, ಯಾವುದು ಒದಗದು ಎಂಬುದರ ಸುಳಿವು ಆ ಅಂಕಿಗಳಲ್ಲೇ ಇದೆ; ಅದನ್ನು ಹಿಡಿಯಲು ಮೂರರ ಮಗ್ಗಿ ಬಂದರೆ ಬಹುಮಟ್ಟಿಗೆ ಸಾಕು.

ಮೊದಲು ವಂಶವಾಹಿಯ ಹೆಸರನ್ನು ನೋಡಿ. ಅದು ಎಕ್ಸ್ ವರ್ಣತಂತುವಿನಲ್ಲಿರುವ ಡಿಎಂಡಿ ಆಗಿರಬೇಕು. ಸುಮಾರು 22 ಲಕ್ಷ ಡಿಎನ್‌ಎ ಅಕ್ಷರಗಳಷ್ಟು ಉದ್ದದ ಈ ವಂಶವಾಹಿಯಲ್ಲಿ, ಸ್ನಾಯುಕೋಶದ ಪೊರೆಯನ್ನು ಒಳಗಿನ ಹಂದರಕ್ಕೆ ಬಿಗಿದಿಡುವ ಡಿಸ್ಟ್ರೋಫಿನ್ ಪ್ರೋಟೀನಿನ ಬರಹ 79 ತುಣುಕುಗಳಾಗಿ, ಅಂದರೆ ಎಕ್ಸಾನ್‌ಗಳಾಗಿ, ಹಂಚಿಹೋಗಿದೆ. ಗಂಡುಮಕ್ಕಳಲ್ಲಿ ಎಕ್ಸ್ ವರ್ಣತಂತು ಒಂದೇ ಇರುವುದರಿಂದ, ಅದು ಕೆಟ್ಟರೆ ಆಸರೆಗೆ ಮತ್ತೊಂದು ಪ್ರತಿ ಇರುವುದಿಲ್ಲ.

ನಂತರ ದೋಷದ ಬಗೆ. ಮೂರರಲ್ಲಿ ಎರಡು ಪಾಲು ಮಕ್ಕಳಲ್ಲಿ ಒಂದೋ ಹಲವೋ ಎಕ್ಸಾನ್‌ಗಳು ಕಾಣೆಯಾಗಿರುತ್ತವೆ. ಉಳಿದವರಲ್ಲಿ ಎಕ್ಸಾನ್‌ಗಳು ಇಮ್ಮಡಿಸಿರುತ್ತವೆ ಅಥವಾ ಒಂದೆರಡು ಅಕ್ಷರಗಳು ಕೆಟ್ಟಿರುತ್ತವೆ. ಪ್ರತಿ ಎಕ್ಸಾನ್‌ನ ಪ್ರತಿಗಳನ್ನು ಎಣಿಸುವ ಎಂಎಲ್‌ಪಿಎ ಎಂಬ ಪರೀಕ್ಷೆ ಮುಖ್ಯವಾಗಿ ಮೊದಲ ಎರಡು ಬಗೆಗಳನ್ನು ಹಿಡಿಯುತ್ತದೆ. ಅದರಲ್ಲಿ ಏನೂ ಕಾಣದಿದ್ದರೆ ಕಾಯಿಲೆ ಇಲ್ಲವೆಂದು ಭಾವಿಸದೆ, ಇಡೀ ವಂಶವಾಹಿಯ ಅಕ್ಷರಗಳನ್ನು ಓದಿಸುವ ಸೀಕ್ವೆನ್ಸಿಂಗ್ ಮಾಡಿಸಬೇಕು.

ಈಗ ಲೆಕ್ಕ. ಜೀವಕೋಶವು ವಂಶವಾಹಿಯನ್ನು ಮೂರು ಮೂರು ಅಕ್ಷರಗಳಾಗಿ ಓದುತ್ತದೆ. 50ನೇ ಎಕ್ಸಾನ್‌ನಲ್ಲಿ 109 ಅಕ್ಷರಗಳಿವೆ. ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಹೀಗಾಗಿ ಅದೊಂದೇ ಕಾಣೆಯಾದರೂ ಮುಂದಿನ ಓದೆಲ್ಲ ತಪ್ಪಿ, ಪ್ರೋಟೀನ್ ನಡುವೆಯೇ ನಿಂತು, ಡುಶೆನ್ ಬರುತ್ತದೆ. ಆದರೆ 45ರಿಂದ 47ರವರೆಗಿನ ಮೂರು ಎಕ್ಸಾನ್‌ಗಳು ಒಟ್ಟಿಗೇ ಹೋದರೆ ಕಳೆದುಹೋಗುವುದು 474 ಅಕ್ಷರಗಳು; ಶೇಷ ಸೊನ್ನೆ. ಮೋಟಾದರೂ ಕೆಲಸಕ್ಕೆ ಬರುವ ಡಿಸ್ಟ್ರೋಫಿನ್ ತಯಾರಾಗಿ, ಸಾಮಾನ್ಯವಾಗಿ ಸೌಮ್ಯ ರೂಪದ ಬೆಕರ್ ಸ್ನಾಯುಕ್ಷಯವಾಗುತ್ತದೆ. ಹೆಚ್ಚು ಕಳೆದುಕೊಂಡವನೇ ಹೆಚ್ಚು ಕಾಲ ನಡೆಯುತ್ತಾನೆ! ಈ ನಿಯಮಕ್ಕೆ ಅಪವಾದಗಳಿವೆ, ಆದ್ದರಿಂದ ಮಗುವಿನ ನಡಿಗೆಯನ್ನು ವೈದ್ಯರು ನೋಡಿಯೇ ನಿರ್ಧರಿಸಬೇಕು.

ಎಕ್ಸಾನ್ ಹಾರಿಸುವ ಔಷಧಗಳು ಹುಟ್ಟಿದ್ದು ಇದೇ ಲೆಕ್ಕದಿಂದ. 50 ಕಾಣೆಯಾದವನಲ್ಲಿ 233 ಅಕ್ಷರಗಳ 51ನೇ ಎಕ್ಸಾನನ್ನೂ ಬೇಕೆಂದೇ ಬಿಟ್ಟು ಓದಿಸಿದರೆ ಒಟ್ಟು ಕೊರತೆ 342 ಆಗಿ, ಮೂರರಿಂದ ನಿಶ್ಶೇಷವಾಗುತ್ತದೆ. ಅಮೆರಿಕದಲ್ಲಿ 2016ರಲ್ಲಿ ಅನುಮತಿ ಪಡೆದ ಎಟೆಪ್ಲಿರ್ಸೆನ್ ಮಾಡುವುದು ಇದನ್ನೇ. ಅದು ಒದಗುವುದು ಸುಮಾರು 13 ಶೇಕಡಾ ರೋಗಿಗಳಿಗೆ ಮಾತ್ರ. ಅದರಿಂದ ಹುಟ್ಟುವ ಡಿಸ್ಟ್ರೋಫಿನ್ ಕೂಡ ಅತ್ಯಲ್ಪವಾದ್ದರಿಂದ, ನನ್ನ ದೃಷ್ಟಿಯಲ್ಲಿ ಅದರ ಮೇಲೆ ಅತಿಯಾದ ಭರವಸೆ ಸಲ್ಲದು. 45 ಮತ್ತು 53ನೇ ಎಕ್ಸಾನ್‌ಗಳಿಗೂ ಇಂಥ ಔಷಧಗಳಿವೆ.

ವಂಶವಾಹಿ ಚಿಕಿತ್ಸೆಯ ತೊಡಕು ಗಾತ್ರದ್ದು. ಡಿಸ್ಟ್ರೋಫಿನ್ ತಯಾರಿಗೆ ಬೇಕಾದ ಬರಹವೇ ಸುಮಾರು 11 ಸಾವಿರ ಅಕ್ಷರಗಳಷ್ಟಿದ್ದರೆ, ಅದನ್ನು ಹೊತ್ತೊಯ್ಯುವ ವೈರಸ್ಸಿನಲ್ಲಿ ಹಿಡಿಸುವುದು ಐದು ಸಾವಿರದೊಳಗೆ. ಆದ್ದರಿಂದ ಕತ್ತರಿಸಿ ಕಿರಿದಾಗಿಸಿದ ಪ್ರತಿಯನ್ನು ಕಳುಹಿಸುತ್ತಾರೆ. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಲೆವಿಡಿಸ್ ಈ ಬಗೆಯದು. ಅದನ್ನು ಪಡೆದ, ನಡಿಗೆ ಕಳೆದುಕೊಂಡಿದ್ದ ಇಬ್ಬರು ಹುಡುಗರು ಯಕೃತ್ತಿನ ವೈಫಲ್ಯದಿಂದ ತೀರಿಕೊಂಡ ಬಳಿಕ 2025ರಲ್ಲಿ ಅದರ ಬಳಕೆಯನ್ನು ನಡೆಯಬಲ್ಲವರಿಗೆ ಸೀಮಿತಗೊಳಿಸಲಾಯಿತು. 8 ಅಥವಾ 9ನೇ ಎಕ್ಸಾನ್ ಕಾಣೆಯಾದವರಿಗೆ ಅದನ್ನು ಕೊಡುವಂತಿಲ್ಲ. ವರದಿಯಲ್ಲಿ ಈ ಅಂಕಿಗಳನ್ನು ತಪ್ಪದೆ ಹುಡುಕಿ.

ವರದಿ ಏನೇ ಹೇಳಲಿ, ಪ್ರೆಡ್ನಿಸೋಲೋನ್ ಅಥವಾ ಡೆಫ್ಲಜಕಾರ್ಟ್‌ನಂಥ ಸ್ಟೀರಾಯ್ಡ್‌ಗಳು, ಹೃದಯ ಹಾಗೂ ಉಸಿರಾಟದ ನಿಯಮಿತ ತಪಾಸಣೆ ಮತ್ತು ಫಿಸಿಯೋಥೆರಪಿ ಇಂದಿಗೂ ಆರೈಕೆಯ ಆಧಾರ. ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಬಾರದು.

ಕೊನೆಯ ಹೆಜ್ಜೆ ತಾಯಿಯ ಪರೀಕ್ಷೆ. ಆಕೆ ವಾಹಕಿಯಾಗಿದ್ದರೆ, ಅಂದರೆ ಆಕೆಯ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದರಲ್ಲಿ ಈ ದೋಷವಿದ್ದರೆ, ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ 50 ಶೇಕಡಾ ಇರುತ್ತದೆ, ಆಕೆಯ ಹೃದಯವನ್ನೂ ಆಗಾಗ ಪರೀಕ್ಷಿಸಬೇಕು. ಸುಮಾರು ಮೂರನೇ ಒಂದು ಪಾಲು ಪ್ರಕರಣಗಳಲ್ಲಿ ದೋಷ ಹೊಸದಾಗಿಯೇ ಹುಟ್ಟುವುದುಂಟು. ಆದರೂ ತಾಯಿಯ ರಕ್ತದಲ್ಲಿ ಕಾಣದ ದೋಷ ಆಕೆಯ ಕೆಲವು ಅಂಡಾಣುಗಳಲ್ಲಿ ಅಡಗಿರಬಹುದಾದ್ದರಿಂದ, ಮುಂದಿನ ಗರ್ಭಧಾರಣೆಗೆ ಮುನ್ನ ತಳಿವಿಜ್ಞಾನದ ಸಲಹೆಗಾರರನ್ನು ಕಾಣುವುದು ಅಗತ್ಯ.