ಡಾನ್ಯೂಬ್ ದಂಡೆಯಲ್ಲಿ ಸೈಕಲ್: ಚಿಕ್ಕಬಳ್ಳಾಪುರದಿಂದ ಹೊರಡುವವರಿಗೆ

ನಂದಿ ಬೆಟ್ಟದ ಏರು ತುಳಿದವರ ಕಾಲಿಗೆ ಆಸ್ಟ್ರಿಯಾದ ಡಾನ್ಯೂಬ್ ದಾರಿ ಏನೇನೂ ಅಲ್ಲ. ಜರ್ಮನಿಯ ಗಡಿ ಊರು ಪಾಸಾವ್‌ನಿಂದ ವಿಯೆನ್ನಾಕ್ಕೆ ಸುಮಾರು 320 ಕಿ.ಮೀ. ಹೊಳೆ ಹರಿಯುವ ಕಡೆಗೇ ದಾರಿ, ಬಹುಪಾಲು ಡಾಂಬರು, ಹೆಚ್ಚಾಗಿ ಪಡುವಣ ಗಾಳಿ ಬೆನ್ನಿಗೆ. ನೋಯುವುದು ಕೂರುವ ಜಾಗ. ಒಂದು ದಿನ 60 ಕಿ.ಮೀ. ಹೇಗೋ ಆಗುತ್ತದೆ, ಮಾರನೇ ದಿನ ಅದೇ ಸೀಟಿನ ಮೇಲೆ ಕೂತಾಗ ಗೊತ್ತಾಗುತ್ತದೆ. ಹೊರಡುವ ಎರಡು ತಿಂಗಳ ಮೊದಲಿನಿಂದ ಶನಿವಾರ, ಭಾನುವಾರ ಎರಡೂ ದಿನ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗಿಬನ್ನಿ. ಪ್ಯಾಡ್ ಇರುವ ಚಡ್ಡಿಯನ್ನು ಒಳಉಡುಪಿಲ್ಲದೆ ಹಾಕಿ ಅಲ್ಲೇ ರೂಢಿ ಮಾಡಿಕೊಳ್ಳಿ.

ಜೂನ್ ಅಥವಾ ಸೆಪ್ಟೆಂಬರ್ ಮೊದಲ ಭಾಗ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಜನ ಜಾಸ್ತಿ. ಷೆಂಗೆನ್ ವೀಸಾಕ್ಕೆ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕೊನೇ ಗಡುವು ಹೊರಡುವ 15 ದಿನ ಮುಂಚೆ. ಆದರೆ ಬೇಸಿಗೆಗೆ ಮೂರು ತಿಂಗಳು ಮುಂಚೆ ಹಾಕುವುದೇ ಕ್ಷೇಮ. ಹೆಚ್ಚು ರಾತ್ರಿ ತಂಗುವುದು ಆಸ್ಟ್ರಿಯಾದಲ್ಲಾದ್ದರಿಂದ ಅರ್ಜಿಯೂ ಆಸ್ಟ್ರಿಯಾಕ್ಕೇ, ಪಾಸಾವ್‌ನಲ್ಲಿ ಒಂದು ರಾತ್ರಿ ಇದ್ದರೂ. ವೀಸಾಕ್ಕೆ ಬೇಕಾದ ವೈದ್ಯಕೀಯ ವಿಮೆಯ ಮೊತ್ತ 30,000 ಯೂರೋಗೆ ಕಡಿಮೆ ಇರಬಾರದು.

ಏಳು ದಿನ ಇಟ್ಟುಕೊಳ್ಳಿ: ಶ್ಲೋಗನ್, ಲಿಂಜ್, ಗ್ರೈನ್, ಮೆಲ್ಕ್, ಕ್ರೆಮ್ಸ್, ಟುಲ್ನ್, ವಿಯೆನ್ನಾ. ಮೆಲ್ಕ್‌ನಿಂದ ಕ್ರೆಮ್ಸ್ ಬರೀ 36 ಕಿ.ಮೀ. ಆದರೂ ಪೂರ್ತಿ ದಿನ ಅದಕ್ಕೇ ಕೊಡಿ. ಅದು ವಾಖಾವ್ ಕಣಿವೆ, 2000ದಿಂದ ವಿಶ್ವ ಪರಂಪರೆಯ ತಾಣ. ಉತ್ತರ ದಂಡೆಯಲ್ಲಿ ದ್ರಾಕ್ಷಿ ತೋಟ, ಡ್ಯೂರ್ನ್‌ಸ್ಟೈನ್‌ನಂಥ ಊರು. ದಕ್ಷಿಣದಲ್ಲಿ ಗದ್ದಲ ಕಮ್ಮಿ. ದಂಡೆ ಬದಲಿಸಲು ದೋಣಿಗಳಿವೆ, ಚಿಲ್ಲರೆ ನಗದು ಇರಲಿ. ಜೋರು ಮಳೆಯಾದರೆ ಹೊಳೆ ಉಕ್ಕಿ ದಾರಿ ಮುಚ್ಚುತ್ತದೆ; 2024ರ ಸೆಪ್ಟೆಂಬರ್‌ನಲ್ಲಿ ಈ ಭಾಗದಲ್ಲೇ ದೊಡ್ಡ ಪ್ರವಾಹ ಬಂದಿತ್ತು. ಆಗ ರೈಲು ಹಿಡಿಯಿರಿ. ದೂರದ ರೈಲುಗಳಲ್ಲಿ ಸೈಕಲ್‌ಗೂ ಜಾಗ ಕಾಯ್ದಿರಿಸಬೇಕು.

ಸೈಕಲ್ ಇಲ್ಲಿಂದ ಹೊತ್ತೊಯ್ಯುವ ಗೋಜು ಬೇಡ, ಪಾಸಾವ್‌ನಲ್ಲಿ ಬಾಡಿಗೆಗೆ ತೆಗೆದು ವಿಯೆನ್ನಾದಲ್ಲಿ ಬಿಡಬಹುದು. ಆದರೆ ಅಂಗಡಿಯಿಂದ ಹೊರಗೆ ತರುವ ಮುನ್ನ ಬ್ರೇಕ್ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಗೆ ಮುಂದಿನ ಬ್ರೇಕ್, ಅಲ್ಲಿ ಎಡಗೈಗೆ. ಗಾಬರಿಯಲ್ಲಿ ಎಡಗೈ ಬಿಗಿ ಹಿಡಿದರೆ ಮುಂದಿನ ಚಕ್ರ ಕಚ್ಚಿ ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಕೆಲವು ಬಾಡಿಗೆ ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದರೇ ಬ್ರೇಕ್. ನಿಂತಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಸರಿಮಾಡಿಕೊಳ್ಳುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ಖಾಲಿ ಜಾಗದಲ್ಲಿ ಹತ್ತು ಸುತ್ತು ಹೊಡೆದೇ ರಸ್ತೆಗಿಳಿಯಿರಿ, ಅದೂ ಬಲಬದಿಗೆ.

ಸಸ್ಯಾಹಾರಿಗಳು ಸೂಪ್ ವಿಷಯದಲ್ಲಿ ಹುಷಾರು: ದೋಸೆಯ ಚೂರು ಹಾಕಿದಂತೆ ಕಾಣುವ ಫ್ರಿಟಾಟನ್‌ಸುಪ್ಪೆಯ ಸಾರು ದನದ ಮಾಂಸದ್ದು. ಚಟ್ನಿಪುಡಿ ಒಯ್ಯಿರಿ, ತುಪ್ಪ ಬೇಡ. ಹಾಲಿನ ಪದಾರ್ಥಗಳಿಗೆ ಗಡಿಯಲ್ಲಿ ನಿಷೇಧ. ನಲ್ಲಿ ನೀರು ಕುಡಿಯಬಹುದು. ಭಾನುವಾರ ದಿನಸಿ ಅಂಗಡಿ ಬಹುತೇಕ ಮುಚ್ಚಿರುತ್ತವೆ, ಶನಿವಾರ ಸಂಜೆಯೊಳಗೆ ಬ್ರೆಡ್ಡು, ಹಣ್ಣು ಕೊಂಡಿಡಿ. ವಿಯೆನ್ನಾ ತಲುಪುವ ದಿನ ಭಾನುವಾರವಾದರೆ, ಅಂದು ಸೈಕಲ್ ವಾಪಸು ತೆಗೆದುಕೊಳ್ಳುತ್ತಾರೆಯೇ ಎಂದು ಬುಕ್ ಮಾಡುವಾಗಲೇ ಕೇಳಿ.