ಬೈಗುಳಕ್ಕೂ ತಾರೀಖು ಬೇಕು: ಕಿರಿಯ ವಕೀಲರು ಕಿರುಕುಳದ ದಾಖಲೆ ಬರೆದಿಡುವ ಬಗೆ

ನಾಲ್ಕು ಪುಟಗಳ ದೂರು ನನ್ನ ಮೇಜಿನ ಮೇಲಿತ್ತು. ಬರೆದವರು ಆರು ವರ್ಷ ಕೆಲಸ ಮಾಡಿದ ವಕೀಲೆ. ಎದುರು ಪಕ್ಷದ ವಾದಪತ್ರದಲ್ಲಿ ಒಂದು ತಾರೀಖು ಆಚೀಚೆಯಾದರೂ ಹಿಡಿದು ಜಗ್ಗುವವರು. ಆದರೆ ತಮ್ಮ ಸೀನಿಯರ್ ಬಗ್ಗೆ ಬರೆದ ಆ ನಾಲ್ಕು ಪುಟಗಳಲ್ಲಿ 'ಅಮಾನವೀಯ' ಐದು ಸಲ, 'ನಿರಂತರ' ಒಂಬತ್ತು ಸಲ ಬಂದಿತ್ತು. ತಾರೀಖು ಒಂದೂ ಇರಲಿಲ್ಲ. "ಯಾವತ್ತು, ಏನೆಂದರು?" ಎಂದು ಕೇಳಿದೆ. "ದಿನಾ ಏನಾದರೂ ಅನ್ನುತ್ತಾರೆ ಸರ್" ಎಂದರು. 'ದಿನಾ' ಎಂಬ ವಾರ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಅವರು ಹೇಳಿದ್ದು ಸುಳ್ಳಲ್ಲ. ಸಾಬೀತು ಮಾಡಲು ಬರುವುದಿಲ್ಲ, ಅಷ್ಟೇ.

ಇಂಥ ದೂರುಗಳನ್ನು ಓದಿ ಓದಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಅಂತರರಾಷ್ಟ್ರೀಯ ವಕೀಲರ ಸಂಘ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 135 ದೇಶಗಳ ಸುಮಾರು 7,000 ಮಂದಿ ಉತ್ತರಿಸಿದ್ದರು. ಮಹಿಳೆಯರಲ್ಲಿ ಇಬ್ಬರಿಗೊಬ್ಬರು, ಪುರುಷರಲ್ಲಿ ಮೂವರಿಗೊಬ್ಬರು ಕೆಲಸದ ಜಾಗದಲ್ಲಿ ದಬ್ಬಾಳಿಕೆ ಅನುಭವಿಸಿದ್ದರು. ಮಹಿಳೆಯರಲ್ಲಿ ಮೂವರಿಗೊಬ್ಬರು ಲೈಂಗಿಕ ಕಿರುಕುಳವನ್ನೂ ಕಂಡಿದ್ದರು. ದಬ್ಬಾಳಿಕೆಯ ಪ್ರಕರಣಗಳಲ್ಲಿ ಶೇ 57, ಲೈಂಗಿಕ ಕಿರುಕುಳದಲ್ಲಿ ಶೇ 75 ದೂರಿನ ತನಕ ಹೋಗಲೇ ಇಲ್ಲ. ಪೀಡಿಸಿದವರ ಸ್ಥಾನಮಾನ, ಮುಂದೇನಾದೀತೋ ಎಂಬ ಅಂಜಿಕೆ ಇದಕ್ಕೆ ಹೇಳಿದ ಕಾರಣಗಳಲ್ಲಿ ಮುಖ್ಯವಾದವು. ಆ ಅಂಜಿಕೆಯನ್ನು ನಾನು ನಿವಾರಿಸಲಾರೆ. ಒಂದು ದಿನ ದೂರು ಕೊಡಲು ಮನಸ್ಸಾದರೆ ಕೈ ಬರಿದಾಗಿರದಂತೆ ಮಾಡುವ ಕ್ರಮವನ್ನಂತೂ ಹೇಳಬಲ್ಲೆ.

ಮೊದಲು ಪುಸ್ತಕ. ಹೊಲಿದ, ಪುಟಸಂಖ್ಯೆ ಹಾಕಿದ ನೋಟ್‌ಬುಕ್, ಬಾಲ್‌ಪೆನ್ನು. ಮುಗಿಯಿತು. ಹಾಳೆ ತೆಗೆದು ಸೇರಿಸಬಹುದಾದ ಕ್ಲಿಪ್ಪಿನ ಡೈರಿ ಬೇಡ; ಸೇರಿಸಬಹುದಾದದ್ದನ್ನು ಆಮೇಲೆ ಸೇರಿಸಿದ್ದೀರಿ ಎಂದೇ ಹೇಳುತ್ತಾರೆ. ಹೊಸ ವರ್ಷಕ್ಕೆ ಉಡುಗೊರೆ ಬರುವ ತಾರೀಖು ಮುದ್ರಿತ ಡೈರಿಯೂ ಬೇಡ. ಖಾಲಿ ಪುಟ ಕಂಡರೆ ಹಿಂದಿನದನ್ನು ತುಂಬಿಸುವ ಆಸೆ ಹುಟ್ಟುತ್ತದೆ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಬರೆದಿಡುವವರಿಗೆ ಏನು ಹೇಳಲಿ? ಕೆಲಸ ಹೋದ ದಿನವೇ ಲ್ಯಾಪ್‌ಟಾಪೂ ಹೋಗುತ್ತದೆ. ಪುಸ್ತಕ ಮನೆಯಲ್ಲಿರಲಿ.

ಇನ್ನು ಬರೆಯುವುದು. ಎಲ್ಲರೂ ಎಡವುವುದು ಇಲ್ಲೇ. ಸಾಮಾನ್ಯವಾಗಿ ಕಾಣುವ ನಮೂದು ಹೀಗಿರುತ್ತದೆ: 'ಇಂದು ಸೀನಿಯರ್ ಎಲ್ಲರ ಎದುರು ನನ್ನನ್ನು ಅವಮಾನಿಸಿದರು. ತುಂಬಾ ನೋವಾಯಿತು.' ಇದೇ ಸಾಲನ್ನು ನಿಮ್ಮ ಕಕ್ಷಿದಾರ ತಂದಿದ್ದರೆ ನೀವೇ ಅವರನ್ನು ಕೂರಿಸಿ ಹತ್ತು ಪ್ರಶ್ನೆ ಕೇಳುತ್ತಿದ್ದಿರಿ. ಆ ಹತ್ತನ್ನೂ ನಿಮಗೇ ಕೇಳಿಕೊಂಡು ಬರೆದರೆ ಅದು ಹೀಗಾಗುತ್ತದೆ:

'ಮಂಗಳವಾರ, 4 ಮಾರ್ಚ್ 2025. ಸಂಜೆ 6.20ರ ಸುಮಾರು, ಚೇಂಬರಿನ ಒಳಕೋಣೆ. ಮೇಲ್ಮನವಿಯ ಪರಿವಿಡಿಯಲ್ಲಿ 41ನೇ ಪುಟವನ್ನು 14 ಎಂದು ನಮೂದಿಸಿದ್ದೆ. ತಪ್ಪು ನನ್ನದೇ. ಸೀನಿಯರ್ ಕಡತವನ್ನು ನನ್ನ ಕಡೆಗೆ ಎಸೆದರು. ಅದು ಮೇಜಿಗೆ ತಾಗಿ ಹಾಳೆಗಳು ಕೆಳಗೆ ಚೆಲ್ಲಿದವು. "ನಿನಗೆ ಪದವಿ ಕೊಟ್ಟವರನ್ನು ಮೊದಲು ಜೈಲಿಗೆ ಹಾಕಬೇಕು. ನಿಮ್ಮಂಥವರು ಮನೆಯಲ್ಲಿರುವುದೇ ಲೇಸು" ಎಂದರು. ಗುಮಾಸ್ತರು, ಇನ್ನೊಬ್ಬ ಕಿರಿಯ ವಕೀಲ, ಕಕ್ಷಿದಾರರ ಮಗ ಇದ್ದರು. ಯಾರೂ ಮಾತಾಡಲಿಲ್ಲ. "ಸರಿಪಡಿಸುತ್ತೇನೆ ಸರ್" ಎಂದು ಹೇಳಿ ಹಾಳೆಗಳನ್ನು ಆರಿಸಿಕೊಂಡೆ. 6.40ಕ್ಕೆ ಹೊರಟೆ. ಬರೆದದ್ದು ಅದೇ ರಾತ್ರಿ 9.15ಕ್ಕೆ, ಮನೆಯಲ್ಲಿ.'

ಇದರಲ್ಲಿ 'ಅವಮಾನ' ಎಂಬ ಪದವೇ ಇಲ್ಲ. ಓದಿದವರಿಗೆ ಅದು ತಾನಾಗಿ ಕಾಣುತ್ತದೆ.

'ತಪ್ಪು ನನ್ನದೇ' ಎಂಬ ಮಾತನ್ನು ಅಳಿಸಿಬಿಡಲೇ ಎಂದು ಕೇಳದವರೇ ಇಲ್ಲ. ಅಳಿಸಕೂಡದು. ಪಾಟೀಸವಾಲಿನಲ್ಲಿ ಎದುರಾಳಿ ಮೊದಲು ಎತ್ತುವುದು ಅದನ್ನೇ: ಕೆಲಸ ಬಾರದವಳಿಗೆ ಬುದ್ಧಿ ಹೇಳಿದ್ದು, ಅದನ್ನೇ ಕಿರುಕುಳ ಎನ್ನುತ್ತಾಳೆ. ನಿಮ್ಮ ಪುಸ್ತಕದಲ್ಲಿ ಅದು ಆಗಲೇ ಇದ್ದರೆ ಅವರ ಬಾಣ ಬರಿದು. ಪರಿವಿಡಿಯ ತಪ್ಪಿಗೆ ಪರಿವಿಡಿ ತಿದ್ದಿಸಬೇಕು, ಕಡತ ಎಸೆಯಬೇಕಿಲ್ಲ ಎಂಬಲ್ಲಿಗೆ ಚರ್ಚೆ ಬಂದು ನಿಲ್ಲುತ್ತದೆ. ಮರುದಿನ ಸೀನಿಯರ್ ಕ್ಷಮೆ ಕೇಳಿದರೆ ಅದನ್ನೂ ಬರೆಯಿರಿ. ಒಳ್ಳೆಯದನ್ನು ಬಿಟ್ಟ ದಾಖಲೆಯನ್ನು ಯಾವ ಸಮಿತಿಯೂ ಪೂರ್ತಿ ನಂಬುವುದಿಲ್ಲ.

ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕು. ಹೊಲಸು ಮಾತಾದರೆ ಹೊಲಸಾಗಿಯೇ. ಚುಕ್ಕಿ ಹಾಕಿ ಮರ್ಯಾದೆ ಉಳಿಸಬೇಡಿ, ಉಳಿಯುವುದು ಅವರ ಮರ್ಯಾದೆ. ಪದಶಃ ನೆನಪಿಲ್ಲದಿದ್ದರೆ ಉದ್ಧರಣ ಚಿಹ್ನೆ ತೆಗೆದು 'ಈ ಅರ್ಥದ ಮಾತು' ಎನ್ನಿ. ಅವರ ಮನಸ್ಸಿನಲ್ಲಿ ಏನಿತ್ತು ಎಂಬ ಊಹೆಗೆ ಹೋಗಬೇಡಿ. 'ಬೇಕೆಂದೇ' ಎಂಬ ಪದವನ್ನು ನಾನು ಕಂಡಲ್ಲೆಲ್ಲ ಹೊಡೆದುಹಾಕುತ್ತೇನೆ.

ಬೈಗುಳವಿಲ್ಲದ ಕಿರುಕುಳವನ್ನು ಬರೆಯುವುದು ಇನ್ನೂ ಕಷ್ಟ. ಮೂರು ವಾರ ಮಾತು ಬಿಡುವುದು, ನೀವು ತಯಾರಿಸಿದ ವಾದವನ್ನು ನ್ಯಾಯಾಲಯದ ಬಾಗಿಲಲ್ಲಿ ಕಿತ್ತು ಬೇರೊಬ್ಬರ ಕೈಗೆ ಕೊಡುವುದು, ರಾತ್ರಿ 11ಕ್ಕೆ ಸಂದೇಶ ಕಳಿಸಿ ಬೆಳಿಗ್ಗೆ 8ಕ್ಕೆ ಕರಡು ಕೇಳುವುದು. ಒಂದೊಂದನ್ನೇ ನೋಡಿದರೆ ಕ್ಷುಲ್ಲಕ. ಆದ್ದರಿಂದ ಇಲ್ಲಿ ಎಣಿಕೆ ಬೇಕು: ಯಾವ ಪ್ರಕರಣ, ಯಾರಿಗೆ ಕೊಟ್ಟರು, ಎಷ್ಟನೇ ಸಲ. ಪೀಠದಲ್ಲಿ ಕುಳಿತವರಿಂದಲೇ ಆದ ಅವಹೇಳನವಾದರೆ ನ್ಯಾಯಾಲಯದ ಕೊಠಡಿ, ಪ್ರಕರಣದ ಸಂಖ್ಯೆ, ಪಕ್ಕದಲ್ಲಿ ನಿಂತಿದ್ದ ವಕೀಲರು ಯಾರು ಎಂಬುದು ಸಾಕು; ಅಲ್ಲಿ ಸಾಕ್ಷಿಗಳಿಗೆ ಕೊರತೆಯಿಲ್ಲ, ಬಾಯಿ ಬಿಡುವವರಿಗೆ ಕೊರತೆ.

ಹಳೆಯ ಘಟನೆಗಳನ್ನೂ ಬರೆಯಬಹುದು. ಆದರೆ ಇಂದಿನ ತಾರೀಖು ಹಾಕಿ, 'ನೆನಪಿನಿಂದ ಬರೆದದ್ದು' ಎಂದು ತಲೆಬರಹ ಕೊಟ್ಟು. ಯಾವ ದಿನ ಎಂದು ಗೊತ್ತಾಗದಿದ್ದರೆ ನಿಮ್ಮ ಪ್ರಕರಣಗಳ ಡೈರಿ ಇದೆಯಲ್ಲ, ಅದನ್ನು ತೆರೆಯಿರಿ. 'ಆ ಜಾಮೀನು ಅರ್ಜಿ ಇದ್ದ ದಿನವೇ ಹಾಗೆ ಅಂದರು' ಎಂಬ ನೆನಪು ಸಿಕ್ಕರೆ ತಾರೀಖು ತಾನಾಗಿ ಸಿಗುತ್ತದೆ. ನಮ್ಮ ವೃತ್ತಿಯವರಿಗೆ ಮಾತ್ರ ಇರುವ ಅನುಕೂಲ ಇದು, ಯಾರೂ ಬಳಸುವುದಿಲ್ಲ. ತಪ್ಪು ಬರೆದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ಬಿಳಿ ಬಣ್ಣ ಬಳಿದರೆ ಕೆಳಗೇನಿತ್ತು ಎಂಬುದೇ ವಿಚಾರಣೆಯಾಗುತ್ತದೆ.

ಭಾನುವಾರ ಕುಳಿತು ವಾರದ್ದೆಲ್ಲ ಒಟ್ಟಿಗೆ ಬರೆಯುವ ಅಡ್ಡದಾರಿ ಬೇಡ. ಒಂದೇ ಶಾಯಿ, ಒಂದೇ ಓಟದ ಅಕ್ಷರ ನೋಡಿದ ಕೂಡಲೇ ತಿಳಿಯುತ್ತದೆ.

ಜೊತೆಗಿಡುವ ಕಾಗದಗಳು. ಸಂದೇಶಗಳ ಸ್ಕ್ರೀನ್‌ಶಾಟ್‌ನಲ್ಲಿ ಕಳಿಸಿದವರ ಸಂಖ್ಯೆ, ತಾರೀಖು, ಮೇಲಿನ ಕೆಳಗಿನ ಮಾತು ಕಾಣಬೇಕು. ಬೈದ ಸಾಲನ್ನಷ್ಟೇ ಕತ್ತರಿಸಿ ತರಬೇಡಿ. ತಾನಾಗಿ ಅಳಿಯುವ ಸಂದೇಶವಾದರೆ ಇನ್ನೊಂದು ಮೊಬೈಲಿನಿಂದ ಪರದೆಯ ಫೋಟೊ ತೆಗೆಯಿರಿ. ಧ್ವನಿ ಮುದ್ರಿಸುವ ಮೊದಲು ನಿಮ್ಮಲ್ಲಿ ಅದಕ್ಕೆ ಕಾನೂನು ಒಪ್ಪುತ್ತದೆಯೇ ನೋಡಿಕೊಳ್ಳಿ. ಎಲ್ಲ ಕಡೆ ಒಂದೇ ನಿಯಮವಿಲ್ಲ. ಕಕ್ಷಿದಾರರ ಕಡತವನ್ನು ಮಾತ್ರ ಮನೆಗೆ ಒಯ್ಯಬಾರದು, ಪ್ರತಿಯನ್ನೂ ತೆಗೆಯಬಾರದು. ಪುಸ್ತಕದಲ್ಲೂ ಅವರ ಹೆಸರಿನ ಬದಲು ಮೊದಲಕ್ಷರ ಸಾಕು. ಗೋಪ್ಯತೆ ಮುರಿದರೆ ದೂರುದಾರರೇ ಆರೋಪಿಯಾಗುವ ದಾರಿ ತೆರೆಯುತ್ತದೆ.

ನಡೆದದ್ದನ್ನು ಅದೇ ದಿನ ಒಬ್ಬರಿಗಾದರೂ ಹೇಳಿ. ಯಾರಿಗೆ, ಎಷ್ಟು ಗಂಟೆಗೆ ಹೇಳಿದಿರಿ ಎಂಬುದೂ ನಮೂದಾಗಲಿ. ಮೈಮೇಲೆ ಕೈ ಮಾಡುವ ಹಂತ ಬಂದಿದ್ದರೆ ಈ ಲೇಖನ ಬದಿಗಿಡಿ, ಮೊದಲು ಅಲ್ಲಿಂದ ಹೊರಬನ್ನಿ.

ದೂರು. ಪುಸ್ತಕ ಸರಿಯಿದ್ದರೆ ದೂರು ಎರಡು ಪುಟ: ತಾರೀಖಿನ ಪಟ್ಟಿ, ಮುರಿದ ನಿಯಮ, ನೀವು ಕೇಳುವ ಪರಿಹಾರ. ಅಂತರ್ಜಾಲದ ಸಿದ್ಧ ನಮೂನೆಗಳಲ್ಲಿ 'ತೀವ್ರ ಮಾನಸಿಕ ಯಾತನೆ' ಅಚ್ಚಾಗಿಯೇ ಬಂದಿರುತ್ತದೆ, ಅವು ಬೇಡ. ಬರಹವನ್ನು ನಯ ಮಾಡಿಕೊಡುವ ಯಂತ್ರಗಳೂ ಬೇಡ. ಜೈಲಿನ ಆ ಮಾತನ್ನು ಒಂದು ಯಂತ್ರ 'ಅನುಚಿತ ಪದಬಳಕೆ' ಎಂದು ತಿದ್ದಿಕೊಟ್ಟಿತ್ತು. ನಿಯಮವನ್ನು ಹೆಸರಿಸಿ. ನ್ಯೂಜಿಲೆಂಡ್‌ನ ವಕೀಲರ ನಡವಳಿಕೆ ನಿಯಮಗಳಲ್ಲಿ 2021ರ ಜುಲೈ 1ರಿಂದ ದಬ್ಬಾಳಿಕೆ, ಕಿರುಕುಳಗಳ ಪ್ರಸ್ತಾಪ ನೇರವಾಗಿದೆ. ಇಂಗ್ಲೆಂಡಿನ ಸಾಲಿಸಿಟರ್‌ಗಳ (ಅಲ್ಲಿನ ಒಂದು ವರ್ಗದ ವಕೀಲರ) ನಡವಳಿಕೆ ಸಂಹಿತೆಗೂ 2023ರಲ್ಲಿ ಸಹೋದ್ಯೋಗಿಗಳನ್ನು ನ್ಯಾಯವಾಗಿ, ಗೌರವದಿಂದ ಕಾಣಬೇಕೆಂಬ ಮಾತು ಸೇರಿತು. ನಿಮ್ಮಲ್ಲಿರುವುದನ್ನು ಹುಡುಕಿ, ಪದಶಃ ಉದ್ಧರಿಸಿ.

ಅವಧಿಯ ಕಡೆ ಕಣ್ಣಿರಲಿ. ಭಾರತದ 2013ರ ಕಾಯ್ದೆಯಂತೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ದೂರನ್ನು ಘಟನೆಯಿಂದ, ಸರಣಿಯಾಗಿದ್ದರೆ ಕೊನೆಯ ಘಟನೆಯಿಂದ, ಮೂರು ತಿಂಗಳೊಳಗೆ ಕೊಡಬೇಕು. ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು. ಬೇರೆಯವರ ಮುದ್ದತ್ತು ಕಾಯುವ ವಕೀಲರು ತಮ್ಮದನ್ನೇ ಕಳೆದುಕೊಂಡದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ದೂರು ಸಲ್ಲಿಸಿದಾಗ ಮುದ್ರೆ ಒತ್ತಿದ ಪ್ರತಿ ಪಡೆಯದೆ ಹೊರಡಬೇಡಿ.

ದೂರು ಕೊಟ್ಟ ದಿನ ಪುಸ್ತಕ ಮುಚ್ಚುವುದು ಕೊನೆಯ ತಪ್ಪು. ಸೇಡು ಶುರುವಾಗುವುದು ಆಮೇಲೆ, ಅದೂ ಸದ್ದಿಲ್ಲದೆ: ಪ್ರಕರಣಗಳು ಒಂದೊಂದಾಗಿ ಕೈ ತಪ್ಪುತ್ತವೆ, ಕುರ್ಚಿ ಒಳಕೋಣೆಯಿಂದ ಮೆಟ್ಟಿಲ ಬಳಿಗೆ ಬರುತ್ತದೆ, ಶಿಫಾರಸು ಪತ್ರ ಕೇಳಿದರೆ 'ನೋಡೋಣ' ಎನ್ನುತ್ತಾರೆ. ಸಲ್ಲಿಸುವ ಹಿಂದಿನ ಸಂಜೆಯೇ ಒಂದು ಪುಟ ಬಿಡಿಸಿ, ನಿಮ್ಮ ಕೈಯಲ್ಲಿರುವ ಪ್ರಕರಣಗಳೆಷ್ಟು, ನೀವು ಕೂರುವ ಜಾಗ ಯಾವುದು ಎಂದು ಬರೆದು, ಕೆಳಗೆ ಗಂಟೆ ಹಾಕಿಡಿ.